ಹಗ್ಗ, ಕುಡಗೋಲು, ಅಜ್ಜನ ಚಂಚಿ

ಚೂರಿ ಕೊಳ್ಳುವ ಮುಂಚೆ ಮನೆಯ ಹಗ್ಗ ನೋಡು ಅಂದರೆ ನಮ್ಮಕ್ಕನ ಮಗ ನಗುತ್ತಾನೆ. ಅವನಿರುವುದು ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಅಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ; 2017ರಲ್ಲಿ ಹಾರ್ವೆ ಬಂದಾಗ ಓಣಿಗೆ ಓಣಿಯೇ ನೀರಲ್ಲಿ ನಿಂತಿತ್ತು. ಹಾಗಾಗಿ ಬಾಗಿಲ ಹಿಂದೆ ಒಂದು ಚೀಲ ಸದಾ ಸಿದ್ಧ: ನೀರಿನ ಬಾಟಲಿ, ಟಾರ್ಚು, ಗುಳಿಗೆ, ಕಾಗದಪತ್ರ, ಜೊತೆಗೊಂದು ಚೂರಿ. ನೀರು, ಗುಳಿಗೆಗಳ ವಿಷಯ ಅವನು ಎರಡು ಮಾತಿನಲ್ಲಿ ಮುಗಿಸುತ್ತಾನೆ. ಚೂರಿಯ ಮಾತು ಬಂತೋ, ಮುಂದಿನ ತಾಟು ಆರಿಹೋದರೂ ಎಚ್ಚರವಿಲ್ಲ. ಯಾವ ಉಕ್ಕು, ಎಷ್ಟು ಗಟ್ಟಿ, ಮಡಚುವಂಥದ್ದೋ ಮಡಚದ್ದೋ, ಇಕ್ಕಳ ಸೇರಿದ್ದೋ ಬರೀ ಅಲಗೋ. ಕೇಳುತ್ತ ಕೂತರೆ ನನ್ನ ಕಣ್ಣ ಮುಂದೆ ಬರುವುದು ರಾಜೋಳಿ ಮಾವನ ದನದ ಕೊಟ್ಟಿಗೆ.

ನಮ್ಮೂರು ವಡ್ಡೆಪಲ್ಲಿ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ. ನಡುವಿನ ಗದ್ವಾಲ, ಆಲಂಪುರದ ಸೀಮೆಗೆ ಜನ ನಡಿಗಡ್ಡ ಅನ್ನುತ್ತಾರೆ. ನಾವು ಹುಟ್ಟಿದಾಗ ಮಹಬೂಬ್‌ನಗರ ಜಿಲ್ಲೆ, 2016ರಿಂದ ಜೋಗುಳಾಂಬಾ ಗದ್ವಾಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಹೆಣ್ಣು ಕೊಡುವುದು ತರುವುದು ಹೆಚ್ಚಾಗಿ ರಾಯಚೂರು, ಮಾನ್ವಿ ಕಡೆ. ಹೊಲಕ್ಕೆ ನೀರು ಬರುವುದೂ ಅತ್ತಲಿಂದಲೇ. ರಾಜಲಬಂಡಾ ಆಣೆಕಟ್ಟಿನಿಂದ ಹೊರಟ ಆರ್‌ಡಿಎಸ್ ಕಾಲುವೆ ಕರ್ನಾಟಕದ ನೆಲದಲ್ಲಿ ನಲವತ್ತಕ್ಕೂ ಹೆಚ್ಚು ಕಿಲೋಮೀಟರು ಹರಿದು ನಮ್ಮ ಸೀಮೆಗಿಳಿಯುತ್ತದೆ. ಕಾಗದದ ಮೇಲೆ ನಮ್ಮ ಕಡೆಯ ಪಾಲು 87,500 ಎಕರೆ. ಕಾಲುವೆಯ ಬಾಲದಲ್ಲಿರುವ ರೈತರನ್ನು ಕೇಳಿದರೆ ಬೇರೆಯದೇ ಲೆಕ್ಕ ಹೇಳುತ್ತಾರೆ. ಆ ಜಗಳ ಇಲ್ಲಿ ಬೇಡ. ನೀರು ಸಾಲದು, ಸಾಲದು ಅನ್ನುವುದನ್ನೇ ಕೇಳಿ ಬೆಳೆದ ನಮಗೆ ನೀರು ಹೆಚ್ಚಾದರೆ ಏನಾಗುತ್ತದೆ ಅಂತ ಗೊತ್ತಾದದ್ದು 2009ರ ಅಕ್ಟೋಬರಿನಲ್ಲಿ.

ಆ ಸೆಪ್ಟೆಂಬರಿನ ಕೊನೆಯಿಂದ ಉತ್ತರ ಕರ್ನಾಟಕದಲ್ಲಿ ಬಿಡದೆ ಮಳೆ ಹೊಡೆಯಿತು. ಮಣ್ಣಿನ ಮನೆಗಳು ಕುಸಿದು, ಹಳ್ಳಗಳು ಕೊಚ್ಚಿ, ಕರ್ನಾಟಕವೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಜೀವ ಹೋದವು. ಆ ನೀರೆಲ್ಲ ಹೊಳೆಗಿಳಿದು, ಮಂತ್ರಾಲಯದ ಮಠದೊಳಕ್ಕೆ ನುಗ್ಗಿ, ಸುಂಕೇಸುಲ ಬ್ಯಾರೇಜಿನ ಮೇಲೇ ಹಾದು, 2ನೇ ತಾರೀಕು ಗಾಂಧಿ ಜಯಂತಿಯ ದಿನ ಕರ್ನೂಲು ಪಟ್ಟಣವನ್ನು ಮುಳುಗಿಸಿತು. ಕೆಳಗೆ ಶ್ರೀಶೈಲದ ಜಲಾಶಯದ ಪೂರ್ಣ ಮಟ್ಟ 885 ಅಡಿ. ನೀರು 895 ಅಡಿಯನ್ನೂ ಮೀರಿತ್ತು. ಮುಂದೆ ಹೋಗಲು ಜಾಗವಿಲ್ಲದ ಹೊಳೆ ಹಿಂದಕ್ಕೆ ಒತ್ತಿಕೊಂಡು ಆಲಂಪುರಕ್ಕೂ ನುಗ್ಗಿತು. ಸುಂಕೇಸುಲದ ಪಕ್ಕಕ್ಕೇ ಇರುವ ರಾಜೋಳಿ ಆಗ ನಮ್ಮ ವಡ್ಡೆಪಲ್ಲಿ ಮಂಡಲದ್ದೇ ಊರು. ನೇಕಾರರ ಊರು, ನಮ್ಮತ್ತೆಯನ್ನು ಕೊಟ್ಟ ಊರು.

ನಾನು ಅಲ್ಲಿಗೆ ಹೋದದ್ದು ಹೊಳೆ ಇಳಿದ ಮೇಲೆ, ಅಕ್ಕಿಚೀಲ, ಹಳೆ ಬಟ್ಟೆ ಹೊತ್ತುಕೊಂಡು. ಆ ರಾತ್ರಿಯ ಕಥೆಯನ್ನು ಮಾವ ಹೇಳಿದ್ದು ಕೊಟ್ಟಿಗೆಯಲ್ಲೇ ನಿಂತು, ಗೋದಲಿಯಲ್ಲಿ ಮೊಣಕಾಲುದ್ದ ಕೂತಿದ್ದ ರೇವೆಯನ್ನು ಸಲಿಕೆಯಲ್ಲಿ ಎತ್ತಿಹಾಕುತ್ತ. ಮನೆಯ ಮುಂದೆ ಗುಂಡಿ ಮಗ್ಗ, ಹಿಂದೆ ಕೊಟ್ಟಿಗೆ. ನೀರು ಮೊದಲು ಬಂದು ಕೂತದ್ದು ಮಗ್ಗದ ಗುಂಡಿಯಲ್ಲಿ. ಕರೆಂಟು ಹೋಗಿತ್ತು. ಹಿಂದೆ ಎತ್ತುಗಳೂ ಎಮ್ಮೆಗಳೂ ಗಾಬರಿಯಾಗಿ ಹಿಂದಕ್ಕೆ ಜಗ್ಗುತ್ತಿದ್ದವು. ಜಗ್ಗಿದಷ್ಟೂ ಕಣ್ಣಿಯ ಗಂಟು ಬಿಗಿಯುತ್ತಿತ್ತು. ಮಾವ ಬೆರಳಲ್ಲಿ ಬಿಚ್ಚಲು ನೋಡಿದ, ಆಗಲಿಲ್ಲ. ಅಡಿಗೆಮನೆಗೆ ಓಡಿ ಉಳ್ಳಾಗಡ್ಡಿ ಹೆಚ್ಚುವ ಸ್ಟೀಲ್ ಚಾಕು ತಂದ. ನೆಂದ ನೈಲಾನ್ ಹಗ್ಗದ ಮೇಲೆ ಅದು ಜಾರಿತೇ ಹೊರತು ಕಚ್ಚಲಿಲ್ಲ. “ಮೀನಿನ ಮೈ ಉಜ್ಜಿದಂಗಾತು ನೋಡಪಾ,” ಅಂದಿದ್ದ. ಆಮೇಲೆ ಅತ್ತೆ ಜಂತಿಗೆ ಸಿಕ್ಕಿಸಿದ್ದ ಹಲ್ಲಿನ ಕುಡಗೋಲು ತಂದುಕೊಟ್ಟಳು. ಅದು ಮೂರ್ನಾಲ್ಕು ಎಳೆತಕ್ಕೆ ಹಗ್ಗ ಕೊಯ್ಯಿತು. 

ಆದರೆ ಮಾವ ಕೊಯ್ದದ್ದು ಗೂಟದ ಬುಡದಲ್ಲಿ. ಕತ್ತಲು, ಕೊಂಬು ಬೀಸುವ ಎತ್ತು, ಕೈಯಲ್ಲಿ ಚೂಪು ಮೂತಿಯ ಕುಡಗೋಲು. ಅಂಥ ಹೊತ್ತಲ್ಲಿ ಕೊರಳ ಹತ್ತಿರ ಯಾರು ಕೈ ಹಾಕುತ್ತಾರೆ? ಹೀಗಾಗಿ ದನಗಳು ಮಾರುದ್ದದ ಹಗ್ಗ ಎಳೆದುಕೊಂಡೇ ನೀರಿಗಿಳಿದವು. ಎಮ್ಮೆ ಈಜಿನಲ್ಲಿ ಗಟ್ಟಿ. ಎತ್ತುಗಳೂ ದಿಬ್ಬ ಹತ್ತಿ ಉಳಿದವು. ಒಂದು ಎಮ್ಮೆಯ ಹಗ್ಗ ಮಾತ್ರ ಹಳ್ಳದ ದಂಡೆಯ ಬಳ್ಳಾರಿ ಜಾಲಿಗೆ ಸುತ್ತಿಕೊಂಡಿತ್ತು. ಹೊಳೆ ಇಳಿದ ಮೇಲೆ ಅದು ಸಿಕ್ಕಿದ್ದು ಅಲ್ಲೇ.

ಮಗ್ಗದ ಕಥೆ ಬೇರೆ. ಅದನ್ನು ಅತ್ತೆಯೇ ಹೇಳಬೇಕು, ಮಾವನಿಗೆ ಹೇಳಲು ಬರುವುದಿಲ್ಲ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಂಥ ಸೀರೆ ಅರ್ಧಕ್ಕೂ ಮಿಕ್ಕಿ ನೇಯ್ದಾಗಿತ್ತು. ಮಗ್ಗವನ್ನು ಎತ್ತಿಕೊಂಡು ಓಡಲಾಗದು. ಅತ್ತೆ ಜರಿಯ ತುದಿ ಕತ್ತರಿಸುವ ಸಣ್ಣ ಕತ್ತರಿ ಹಿಡಿದು, ಸೊಂಟದ ಮಟ್ಟದ ನೀರಲ್ಲಿ ನಿಂತು, ಬಿಗಿದು ನಿಂತ ಹಾಸನ್ನು ಈ ಅಂಚಿನಿಂದ ಆ ಅಂಚಿನವರೆಗೆ ಕತ್ತರಿಸಿದಳು. ನೇಯ್ದಷ್ಟನ್ನು ಸುರುಳಿ ಸುತ್ತಿ ತಲೆಗೆ ಕಟ್ಟಿಕೊಂಡು ಹೊರಬಿದ್ದಳು. ಸಾವಿರಾರು ಎಳೆಗಳ ಹಾಸನ್ನು ನೇಕಾರರ ಮನೆಯವಳೇ ಕತ್ತರಿಸುವುದೆಂದರೆ ಏನು ಅಂತ ನನಗೆ ಪೂರ್ತಿ ತಿಳಿಯದು. ಆ ಕತ್ತರಿ ಇವತ್ತಿಗೂ ಆಕೆಯ ಹತ್ತಿರ ಇದೆ, ಆಕೆ ಅದನ್ನು ಯಾರಿಗೂ ಕೊಡುವುದಿಲ್ಲ.

ಈ ಹಗ್ಗದ ಮಾತನ್ನು ನಾನು ಸುಮ್ಮನೆ ಎತ್ತಿಕೊಂಡಿಲ್ಲ. ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಯ ಹಗ್ಗ, ಕಣ್ಣಿ, ಮಗಡ ಎಲ್ಲವೂ ಪುಂಡಿ ನಾರಿನವು. ಎಳೆ ಪುಂಡಿ ಪಲ್ಯಕ್ಕೆ, ಬಲಿತ ಪುಂಡಿ ಹಗ್ಗಕ್ಕೆ. ಬಲಿತ ಗಿಡ ಕೊಯ್ದು ಸಿವುಡು ಕಟ್ಟಿ, ನೀರಲ್ಲಿ ಕೊಳೆಹಾಕಿ, ನಾರು ಸುಲಿದು ಒಣಗಿಸಿ, ಸುಗ್ಗಿ ಮುಗಿದ ಮೇಲೆ ಗಂಡಸರು ಕಟ್ಟೆಯ ಮೇಲೆ ಕೂತು ಹೊಸೆಯುತ್ತಿದ್ದರು. ಆ ಹಗ್ಗಕ್ಕೆ ಆಯುಷ್ಯ ಕಡಿಮೆ, ಬಿಸಿಲು ಮಳೆಗೆ ಬೇಗ ಜೀರ್ಣವಾಗುತ್ತದೆ. ಆದರೆ ಎಂಥ ಮೊಂಡು ಚೂರಿಗೂ ಸಿಗುತ್ತದೆ, ಏಕೆಂದರೆ ನಾರು ಒರಟು, ಅಲಗಿಗೆ ಹಿಡಿತ ಕೊಡುತ್ತದೆ. ಆಮೇಲೆ ನೈಲಾನ್ ಹಗ್ಗ ಸಂತೆಗೆ ಬಂತು. ಅಗ್ಗ, ಬಣ್ಣಬಣ್ಣದ್ದು, ಹರಿಯುವುದಿಲ್ಲ. ವರ್ಷಕ್ಕೊಮ್ಮೆ ಹೊಸೆಯುವ ಕೆಲಸ ತಪ್ಪಿತು ಅಂತ ಎಲ್ಲರೂ ಖುಷಿಪಟ್ಟರು, ನಮ್ಮಪ್ಪನೂ. ಹರಿಯದ ಹಗ್ಗ ಬಂದ ಮೇಲೆ ಅದನ್ನು ಹರಿಯುವ ಅಲಗೂ ಬದಲಾಗಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ದಿನನಿತ್ಯದ ಕೆಲಸದಲ್ಲಿ ಯಾರೂ ಕಟ್ಟಿದ ಕಣ್ಣಿ ಕೊಯ್ಯುವುದಿಲ್ಲವಲ್ಲ.

ಚೂರಿಯ ಆಯ್ಕೆ ಅಂತ ಪುಸ್ತಕಗಳಲ್ಲಿ, ಜಾಹೀರಾತುಗಳಲ್ಲಿ ಬರುವುದನ್ನೆಲ್ಲ ನಾನು ಈ ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ಓದುತ್ತೇನೆ. ಅಲ್ಲಿ ಕಾಡಿನಲ್ಲಿ ಕಟ್ಟಿಗೆ ಸೀಳುವುದು, ಬೇಟೆಯ ಚರ್ಮ ಸುಲಿಯುವುದು, ಗುಡಿಸಲು ಕಟ್ಟುವುದು. ನಡಿಗಡ್ಡದಲ್ಲಿ ಅಂಥ ಕಾಡೆಲ್ಲಿದೆ? ಹತ್ತಿಯ ಹೊಲ, ಅದರಲ್ಲೂ ಬೀಜದ ಹತ್ತಿ. ಹೂವಿನ ಮೊಗ್ಗು ಬಿಡಿಸಿ ಕೇಸರ ತೆಗೆಯುವ ಹೆಂಗಸರು ಹೊಲಕ್ಕೆ ಯಾವ ಹತಾರವನ್ನೂ ಒಯ್ಯುವುದಿಲ್ಲ, ಹೆಬ್ಬೆರಳ ಉಗುರೇ ಸಾಕು. ನಮ್ಮ ಕಡೆ ಆಪತ್ತು ಅಂದರೆ ಹೊಳೆ. ಹೊಳೆ ಬಂದಾಗ ಕೊಯ್ಯಬೇಕಾದ್ದು ಹಗ್ಗ, ತಾಡಪತ್ರಿ, ಬಟ್ಟೆ, ಗೊಬ್ಬರದ ಪ್ಲಾಸ್ಟಿಕ್ ಚೀಲ, ಕೆಲವೊಮ್ಮೆ ಬೇಲಿ ತಂತಿ. ಇಷ್ಟೇ. ಈ ಪಟ್ಟಿಗೆ ಒಂದು ಅಡಿ ಉದ್ದದ, ಬೆನ್ನಿಗೆ ಗರಗಸದ ಹಲ್ಲಿರುವ, ಸಿನಿಮಾದ ಸಿಪಾಯಿ ಹಿಡಿಯುವಂಥ ಚಾಕು ಏನೂ ಮಾಡದು. ಅದೂ ಅಲ್ಲದೆ ಕಾನೂನೂ ಇದೆ: ಮನೆಗೆಲಸ, ಹೊಲಗೆಲಸಕ್ಕಲ್ಲದ ಚೂರಿಯ ಅಲಗು 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದರೆ ಶಸ್ತ್ರಾಸ್ತ್ರ ನಿಯಮಗಳು ಅದನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಕುಡಗೋಲು, ಕೊಡಲಿಗೆ ಆ ತಂಟೆಯಿಲ್ಲ.

ನಮ್ಮಕ್ಕನ ಮಗ ಒಮ್ಮೆ ಊರಿಗೆ ಬಂದಾಗ ನನಗೊಂದು ಲೆದರ್‌ಮನ್ ತಂದ. ವಿಮಾನದಲ್ಲಿ ಕೈಚೀಲದಲ್ಲಿಟ್ಟರೆ ಕಿತ್ತುಕೊಳ್ಳುತ್ತಾರೆಂದು ದೊಡ್ಡ ಪೆಟ್ಟಿಗೆಯ ತಳದಲ್ಲಿ ಬನಿಯನ್‌ಗಳ ನಡುವೆ ಸುತ್ತಿಟ್ಟು ತಂದಿದ್ದ. ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ, ಬಿಚ್ಚಿದರೆ ಮೂಗು ಚೂಪಾದ ಇಕ್ಕಳ. ಹಿಡಿಯ ಒಳಗಿನಿಂದ ಅಲಗು, ಹಲ್ಲಿನ ಅಲಗು, ಕತ್ತರಿ, ಅರ, ಸ್ಕ್ರೂಡ್ರೈವರು. ಅದರ ಹುಟ್ಟಿನ ಕಥೆಯನ್ನೂ ಹೇಳಿದ. ಟಿಮ್ ಲೆದರ್‌ಮನ್ ಅನ್ನುವ ಅಮೆರಿಕನ್ 1975ರಲ್ಲಿ ಹೆಂಡತಿಯ ಜೊತೆ ಹಳೇ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ ಕಾರು ಕೆಡುತ್ತಿತ್ತು, ಅಗ್ಗದ ಹೋಟೆಲಿನ ನಲ್ಲಿ ಸೋರುತ್ತಿತ್ತು. ಜೇಬಿನ ಚಾಕುವಿಗೆ ಒಂದು ಇಕ್ಕಳ ಇದ್ದಿದ್ದರೆ ಅಂತ ಆಗಲೇ ಹೊಳೆದದ್ದಂತೆ. ಅದು ಮಾರಾಟಕ್ಕೆ ಬಂದದ್ದು 1983ರಲ್ಲಿ. ಅದಕ್ಕೂ ಹಿಂದಿನದು ಸ್ವಿಸ್ ಸೈನಿಕರ ಚಾಕು, ಕಾರ್ಲ್ ಎಲ್ಸೆನರ್ 1891ರಿಂದ ಸೈನ್ಯಕ್ಕೆ ಒದಗಿಸಿದ್ದು, 1897ರಲ್ಲಿ ಅಧಿಕಾರಿಗಳ ಚಾಕು ಅಂತ ಪೇಟೆಗೆ ಬಿಟ್ಟದ್ದು.

ಕೇಳುತ್ತ ನಾನು, “ನಿನ್ನ ಮುತ್ತಜ್ಜನ ಚಂಚಿ ನೋಡಿಯೇನು?” ಅಂದೆ. ಅವನು ನೋಡಿರಲಿಲ್ಲ, ಹೇಗೆ ನೋಡಿಯಾನು. ಅಜ್ಜನ ಚಂಚಿ ಕೆಂಪು ಬಟ್ಟೆಯದು, ನಾಲ್ಕೈದು ಕಿಸೆ, ಬಾಯಿಗೆ ಎಳೆದು ಸುತ್ತುವ ದಾರ. ಒಂದು ಕಿಸೆಯಲ್ಲಿ ಎಲೆ, ಒಂದರಲ್ಲಿ ಅಡಕೆ, ಸುಣ್ಣದ ಡಬ್ಬಿ, ತಂಬಾಕು. ಅಷ್ಟಾದರೆ ಅದು ಎಲ್ಲ ಮುದುಕರ ಚಂಚಿ. ಅಜ್ಜನದರಲ್ಲಿ ಇನ್ನೂ ಇದ್ದವು: ಅಡಕೊತ್ತು, ಸೂಜಿಗೆ ಸುತ್ತಿದ ಕರಿ ದಾರ, ಚಕಮಕಿ ಕಲ್ಲು ಮತ್ತು ಅದಕ್ಕೆ ಹೊಡೆಯುವ ಉಕ್ಕಿನ ತುಂಡು, ಕಿಡಿ ಹಿಡಿಯಲು ಹತ್ತಿ, ಒಂದು ಮಡಚುವ ಚೂರಿ. ಉಡಿದಾರಕ್ಕೆ ಕಟ್ಟಿದ ಬಳೆಯಲ್ಲಿ ಮುಳ್ಳು ತೆಗೆಯುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ. ಜಾಲಿಯ ಸೀಮೆಯಲ್ಲಿ ಬರಿಗಾಲಲ್ಲಿ ಕುರಿ ಮೇಯಿಸಿದವನಿಗೆ ಆ ಚಿಮಟವೇ ಎಲ್ಲಕ್ಕಿಂತ ದೊಡ್ಡದು. ಅಡಕೊತ್ತಿನಿಂದ ಅಜ್ಜ ಅಡಕೆ ಅಷ್ಟೇ ಅಲ್ಲ, ತಂತಿ ತುಂಡರಿಸಿದ್ದನ್ನೂ ನೋಡಿದ್ದೇನೆ. ಅಜ್ಜಿ ಅದಕ್ಕೆ ಬೈದದ್ದನ್ನೂ ಕೇಳಿದ್ದೇನೆ. 

ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಅನ್ನುವ ಜಾತಿಯವನಲ್ಲ ನಾನು. ಅಜ್ಜನ ಮಡಚುವ ಚೂರಿಗೆ ಕೀಲು ಸಡಿಲ, ಬಿಗಿಯಾಗಿ ಒತ್ತಿದರೆ ಅಲಗು ಹಿಂದಕ್ಕೆ ಮಡಚಿ ಬೆರಳಿಗೇ ಬರುತ್ತಿತ್ತು. ಲೆದರ್‌ಮನ್ನಿನ ಅಲಗಿಗೆ ಬೀಗವಿದೆ, ಒತ್ತಿ ಬಿಡಿಸುವವರೆಗೂ ಮಡಚುವುದಿಲ್ಲ. ನೆಂದ ಕೈಯಲ್ಲಿ, ಕತ್ತಲಲ್ಲಿ ಬಳಸುವ ಚೂರಿಗೆ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ. ಮಡಚದೇ ಇರುವ, ಹಿಡಿಯ ಕೊನೆಯವರೆಗೂ ಒಂದೇ ಉಕ್ಕು ಹಾದುಹೋಗಿರುವ ಚೂರಿಯಾದರೆ ಇನ್ನೂ ಮೇಲು.

ಯಾವ ಅಲಗು ಹಗ್ಗಕ್ಕೆ ಮೇಲು ಅನ್ನುವ ಪರೀಕ್ಷೆ ರಾಜೋಳಿಯಲ್ಲಿ ನಡೆದದ್ದು ಅಕ್ಕನ ಮಗನದೇ ಹಟದಿಂದ. ಮಾವನ ಮಗ ಬಕೆಟ್ಟಿನಲ್ಲಿ ಹಳೆ ನೈಲಾನ್ ಕಣ್ಣಿ ನೆನೆಹಾಕಿದ. ಗೂಟಕ್ಕೆ ಕಟ್ಟಿ ಒಬ್ಬರು ಎತ್ತಿನ ಹಾಗೆ ಜಗ್ಗಬೇಕು, ಇನ್ನೊಬ್ಬರು ಕೊಯ್ಯಬೇಕು. ಎತ್ತಾಗುವ ಪಾಳಿ ಹೆಚ್ಚಾಗಿ ನನಗೇ ಬಂತು. ಲೆದರ್‌ಮನ್ನಿನ ನುಣುಪು ಅಲಗು ಹೊಸತಾಗಿ ಹರಿತವಿದ್ದದ್ದರಿಂದ ಕೊಯ್ದಿತು, ಆದರೆ ಹಗ್ಗ ಬಿಗಿಯಾಗಿದ್ದಾಗ ಮಾತ್ರ; ಸಡಿಲ ಬಿಟ್ಟರೆ ಹಗ್ಗ ಅಲಗಿನ ಜೊತೆಗೇ ಸರಿಯುತ್ತಿತ್ತು. ಹಲ್ಲಿನ ಅಲಗು ಎರಡಕ್ಕೂ ಜಗ್ಗಲಿಲ್ಲ. ಹತ್ತಿರದಿಂದ ನೋಡಿದರೆ ಕಾರಣ ಕಾಣುತ್ತದೆ: ಹಲ್ಲಿನ ತುದಿ ಎಳೆಯನ್ನು ಸಿಕ್ಕಿಸಿ ಹಿಡಿಯುತ್ತದೆ, ಹಲ್ಲುಗಳ ನಡುವಿನ ಬಾಗು ಅದನ್ನು ಕೊಯ್ಯುತ್ತದೆ. ಜೋಳದ ದಂಟು, ನೆಲ್ಲು ಕೊಯ್ಯುವ ಹಲ್ಲಿನ ಕುಡಗೋಲಿನದೂ ಅದೇ ಹಿಕಮತ್ತು, ಮೇಲಾಗಿ ಅದರ ಬಾಗು ಹಗ್ಗವನ್ನು ತಪ್ಪಿಸಿಕೊಳ್ಳಲು ಬಿಡುವುದೇ ಇಲ್ಲ. ವೇಗದಲ್ಲಿ ಕುಡಗೋಲೇ ಗೆದ್ದಿತು, ಅಕ್ಕನ ಮಗ ಅದನ್ನು ಒಪ್ಪಿಕೊಳ್ಳಲು ಒಂದು ಲೋಟ ಚಹಾ ಬೇಕಾಯಿತು.

ಬೇಲಿ ತಂತಿಯ ಸರದಿ ಬಂದಾಗ ಕುಡಗೋಲು ಮೂಲೆ ಸೇರಿತು. ಇಕ್ಕಳದ ಬುಡದ ಕತ್ತರಿಗೆ ತಂತಿ ಟಕ್ಕೆಂದು ಬಿತ್ತು. ಮುಳ್ಳಿನಲ್ಲೂ ಇಕ್ಕಳದ ಚೂಪು ಮೂಗು ಅಜ್ಜನ ಚಿಮಟಕ್ಕೆ ಸಮವಾಯಿತು. ಹೊಳೆ ಇಳಿದ ಮೇಲೆ ರೇವೆಯೊಳಗೆ ಹೂತ ಜಾಲಿ ಮುಳ್ಳು ಎಷ್ಟು ಜನರ ಕಾಲು ಬಾಯಿಸಿತ್ತು ಅನ್ನುವುದನ್ನು ನೋಡಿದವನಾಗಿ ಇದನ್ನು ಸಣ್ಣ ಗುಣವೆನ್ನಲಾರೆ. ಲೆದರ್‌ಮನ್ನಿಗೆ ದುಡ್ಡು ಇಲ್ಲದವರು ಸಂತೆಯ ಗಟ್ಟಿ ಇಕ್ಕಳವೊಂದು, ಹಲ್ಲಿನ ಚಾಕುವೊಂದು ಬೇರೆಬೇರೆಯಾಗಿ ಕೊಂಡರೂ ಕೆಲಸ ನಡೆಯುತ್ತದೆ. ತೂಕ ಸ್ವಲ್ಪ ಹೆಚ್ಚು, ಅಷ್ಟೇ. ಅಗ್ಗದ ನಕಲಿ ಮಲ್ಟಿಟೂಲ್ ಮಾತ್ರ ಬೇಡ. ಅದರ ಇಕ್ಕಳದ ಕೀಲು ಮೊದಲ ತಂತಿಗೇ ಅಲುಗಾಡುತ್ತದೆ.

ಕೊರಳ ಹತ್ತಿರ ಕೊಯ್ಯುವ ತೊಡಕು ಮಾತ್ರ ಉಳಿಯಿತು. ಅಕ್ಕನ ಮಗನೇ ಹೇಳಿದ: ಕಾರಿನ ಸೀಟ್‌ಬೆಲ್ಟ್ ಕೊಯ್ಯಲು ಒಂದು ಕೊಕ್ಕೆ ಬರುತ್ತದೆ ಮಾಮಾ, ಅಲಗು ಒಳಬಾಗಿನಲ್ಲಿ, ಹೊರಮೂತಿ ಮೊಂಡು, ಮೈಗೆ ತಾಗಿದರೂ ಗಾಯವಿಲ್ಲ. ಮಾವ ಇಷ್ಟೊತ್ತು ಬಾಯಿ ಬಿಟ್ಟಿರಲಿಲ್ಲ. “ಅದನ್ನ ನಮ್ಮ ಕಮ್ಮಾರಗೂ ಹೇಳಬಹುದಲ್ಲೋ,” ಅಂದ.

ಹೇಳಿದೆವು. ಒಂದು ಕಾಲಕ್ಕೆ ನಿಜಾಮಾಬಾದ್ ಸೀಮೆಯ ಕೋನಸಮುದ್ರಂನಲ್ಲಿ ಮಾಡುತ್ತಿದ್ದ ಉಕ್ಕಿನ ಗಟ್ಟಿಗಳನ್ನು ಕೊಳ್ಳಲು ಪರ್ಷಿಯಾದ ವರ್ತಕರು ಬರುತ್ತಿದ್ದರು. ಈಗಿನ ಕುಲುಮೆಗೆ ಸಿಗುವುದು ಲಾರಿಯ ಹಳೆ ಕಮಾನುಪಟ್ಟಿ, ಅದೇನೂ ಕಮ್ಮಿ ಉಕ್ಕಲ್ಲ. ಕಮ್ಮಾರ ಪಟ್ಟಿ ಕಾಯಿಸಿ, ಬಡಿದು ತೆಳುಮಾಡಿ, ಮೂತಿಯನ್ನು ಗೋಲಿಯಷ್ಟು ದುಂಡಗೆ ಮಾಡಿ ಒಳಕ್ಕೆ ಬಗ್ಗಿಸಿದ. ಅರದಲ್ಲಿ ಒಳಬಾಗಿಗೆ ಹಲ್ಲು ತೆಗೆದ. ಆಮೇಲೆ ಮತ್ತೆ ಕೆಂಪಗೆ ಕಾಯಿಸಿ ಅಲಗಿನ ಅಂಚಷ್ಟನ್ನೇ ಎಣ್ಣೆಗೆ ಅದ್ದಿದ. ನೀರಿಗೆ ಹಾಕಿದರೆ ಈ ಪಟ್ಟಿ ಬಿರಿಯುತ್ತದಂತೆ. ಅಂಚನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಬೆನ್ನಿನ ಕಾವು ಮೆಲ್ಲಗೆ ಅಂಚಿಗೆ ಇಳಿಯುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ತೆಳು ಹಳದಿ ಬಂತು, ಕಂದಾಯಿತು, ನೇರಳೆ ತಿರುಗುವ ಹೊತ್ತಿಗೆ ತಟ್ಟನೆ ತಣಿಸಿದ. ಹಳದಿಯಲ್ಲೇ ನಿಲ್ಲಿಸಿದರೆ ಹರಿತ ಹೆಚ್ಚು ಕಾಲ ಉಳಿಯುತ್ತದೆ, ಹಲ್ಲು ಚಕ್ಕೆ ಏಳುತ್ತದೆ. ನೀಲಿಗೆ ಬಿಟ್ಟರೆ ಬಾಗುತ್ತದೆ. ಅಕ್ಕನ ಮಗನಿಗೆ ಅದರ ರಾಕ್‌ವೆಲ್ ಅಂಕಿ ಬೇಕಾಗಿತ್ತು. ಸ್ವಿಸ್ ಚಾಕುವಿನದು ಸುಮಾರು 56, ಇದರದ್ದೆಷ್ಟು? ಕಮ್ಮಾರ ಅರವನ್ನು ಅಂಚಿನ ಮೇಲೆ ಎಳೆದು ಅದು ಜಾರುವುದನ್ನು ತೋರಿಸಿದ. ಒಬ್ಬರ ಉತ್ತರ ಇನ್ನೊಬ್ಬರಿಗೆ ಸಾಕಾಗಲಿಲ್ಲ.

ಇಂಥ ಉಕ್ಕಿಗೆ ತುಕ್ಕು ಬೇಗ. ಚೀಲದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುವ ವಸ್ತುವಿಗೆ ಸ್ಟೇನ್‌ಲೆಸ್ ವಾಸಿ ಅನ್ನುವವರ ಮಾತಿನಲ್ಲಿ ಹುರುಳಿದೆ. ನಮ್ಮ ಕಡೆ ಎಲ್ಲಕ್ಕೂ ಕುಸುಬಿ ಎಣ್ಣೆ ಸವರುವ ರೂಢಿ. ಚೂರಿಗೆ ಮಾತ್ರ ಬೇಡ, ಒಣಗಿ ಅಂಟಾಗಿ ಕೂರುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಸಾಕು. ಹೆಚ್ಚಾಗಿ ಚೂರಿ ಕೆಡುವುದು ಚರ್ಮದ ಒರೆಯಲ್ಲಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಅತ್ತೆಯ ಮನೆಯಲ್ಲಿ ಈಗ ಒಂದು ಚೀಲವಿದೆ. ಆಧಾರ್, ಪಟ್ಟಾ ಪುಸ್ತಕ, ಬಿಪಿ ಗುಳಿಗೆ, ಟಾರ್ಚು, ಬೆಂಕಿಪೊಟ್ಟಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಲೆದರ್‌ಮನ್ ನಾನು ಅಲ್ಲೇ ಬಿಟ್ಟು ಬಂದೆ, ನಾನೀಗ ಇರುವ ರಾಯಚೂರಿನ ಮೂರನೇ ಅಂತಸ್ತಿನ ಮನೆಯಲ್ಲಿ ನನಗೆ ಅದರಿಂದ ಬಾಟಲಿ ಮುಚ್ಚಳ ತೆಗೆಯುವುದಕ್ಕಿಂತ ದೊಡ್ಡ ಕೆಲಸವಿಲ್ಲ. ಕಮ್ಮಾರನ ಕೊಕ್ಕೆ ಚೀಲದಲ್ಲಿಲ್ಲ. ಅದು ಇರುವುದು ಕೊಟ್ಟಿಗೆಯ ಕಂಬದಲ್ಲಿ, ಎದೆಯ ಮಟ್ಟಕ್ಕಿಂತ ಮೇಲೆ, ಹಿಡಿಗೆ ಬಿಳಿ ಬಟ್ಟೆ ಸುತ್ತಿ. ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಬಾರದೆಂದು ಮಾವನ ಕಟ್ಟಪ್ಪಣೆ. ಕುಡಗೋಲು ಆ ರಾತ್ರಿ ಸಿಕ್ಕಿದ್ದು ಅತ್ತೆಗೆ ಜಂತಿಯ ಜಾಗ ಕೈಗೆ ಗೊತ್ತಿದ್ದರಿಂದ, ಹುಡುಕಿ ಅಲ್ಲ.

ಚೂರಿಯೇ ಬೇಡದ ದಾರಿಯನ್ನೂ ಮಾವನ ಮಗ ನೋಡಿದ. ಕಣ್ಣಿಗೆ ಜೀರುಗಂಟು ಹಾಕಿದರೆ ತುದಿ ಎಳೆದೊಡನೆ ಬಿಚ್ಚುತ್ತದೆ. ಕರಿ ಎತ್ತು ಅದನ್ನು ಎರಡೇ ದಿನದಲ್ಲಿ ಕಲಿತು, ತುದಿಯನ್ನು ನಾಲಿಗೆಯಿಂದ ಎಳೆದುಕೊಂಡು ಬಿಚ್ಚಿಕೊಂಡು, ಪಕ್ಕದವರ ಬೀಜದ ಹತ್ತಿಗೆ ಹೋಗಿ ಬಾಯಿ ಹಾಕಿತು. ಬೀಜದ ಹತ್ತಿಯ ದಂಡ ಕಟ್ಟಿದ ಮೇಲೆ ಕರಿ ಎತ್ತಿಗೆ ಮತ್ತೆ ಗಟ್ಟಿ ಗಂಟು, ಉಳಿದವಕ್ಕೆಲ್ಲ ಜೀರುಗಂಟು.